ದೂರದರ್ಶನದ ಪಾನಗೃಹಗೋಷ್ಠಿಯೂ ಸುರಪುರ ಸೀಮೆಯ ಭಜನೆಯೂ

೧

ಸಂಗೀತವನ್ನು ಕುರಿತ ವಿಮರ್ಶೆಯಲ್ಲಿ ಹಾಡುವವನ ಶಕ್ತಿ, ಹಾಡಿನ ಗುಣ, ಕೇಳುವವನ ಅಭಿರುಚಿ ಎಂಬ ಮೂರು ವಿಷಯಗಳ ವಿಚಾರವು ವಿಶೇಷವಾಗಿ ನಡೆದಿರುತ್ತದೆ. ಈ ಮೂರೂ ಒಂದೆಡೆ ಕೂಡುವ ಸ್ಥಳದ ವಿಚಾರವಾದರೋ ಅಷ್ಟಾಗಿ ನಡೆದಿಲ್ಲ. ದೇವಾಲಯದ ರಂಗಮಂಟಪ, ಅರಮನೆಯ ಸಭೆ, ಮಠದ ಪಡಸಾಲೆ, ಜಾತ್ರೆಯ ಬಯಲು ಇವು ಹಾಡಿಗೆ ಬರಿಯ ನೆರಳಲ್ಲ. ಯಾರು ಮೊದಲು ಹಾಡತಕ್ಕದ್ದು, ಯಾರು ದನಿಗೂಡಿಸತಕ್ಕದ್ದು, ಎಷ್ಟು ಹೊತ್ತು ನಡೆಯತಕ್ಕದ್ದು, ಎಲ್ಲಿಗೆ ನಿಲ್ಲತಕ್ಕದ್ದು ಎಂಬ ಕಟ್ಟಳೆಗಳನ್ನು ವಿಧಿಸುವುವು ಈ ಸ್ಥಳಗಳೇ. ಆದಕಾರಣ ಸ್ಥಳವನ್ನು ಗಾಯನದ ನಾಲ್ಕನೆಯ ಅಂಗವೆಂದು ಎಣಿಸಿದರೆ ತಪ್ಪಾಗಲಾರದು.

ದೂರದರ್ಶನವು ಬಂದಮೇಲೆ ಈ ನಾಲ್ಕನೆಯ ಅಂಗಕ್ಕೆ ಚ್ಯುತಿ ಬಂದಿತು. ಹಾಡುವವನು ಸ್ಟುಡಿಯೊದಲ್ಲಿ, ಕೇಳುವವನು ತನ್ನ ಮನೆಯಲ್ಲಿ. ಇವರಿಬ್ಬರೂ ಕೂಡುವ ಸ್ಥಳವೆಂಬುದೇ ಇಲ್ಲ. ಈ ಕೊರತೆಯನ್ನು ಅರಿತ ಪ್ರಸಾರಕರು ಸ್ಥಳವನ್ನೇ ಕೃತಕವಾಗಿ ನಿರ್ಮಿಸಿ ಅದರೊಳಗೆ ಹಾಡಿಸುವ ಒಂದು ಮಾರ್ಗವನ್ನು ಹಿಡಿದರು. ಇಂಗ್ಲೆಂಡು ಮತ್ತು ಕೆನಡಾ ದೇಶಗಳಲ್ಲಿ ೧೯೬೦-೭೦ರ ದಶಕಗಳಲ್ಲಿ ಪ್ರಸಾರವಾದ ಪಾನಗೃಹಗೋಷ್ಠಿಗಳು ಇದಕ್ಕೆ ಉತ್ತಮ ನಿದರ್ಶನಗಳು. ಸ್ಟುಡಿಯೊದಲ್ಲಿ ಒಂದು ಪಬ್ಬನ್ನು, ಅಂದರೆ ಊರಿನವರು ಸಂಜೆ ಕೂಡಿ ಕುಡಿದು ಹರಟುವ ಪಾನಗೃಹವನ್ನು, ಕಟ್ಟಿ, ಮೇಜಿನ ಸುತ್ತ ಜನರನ್ನು ಕೂರಿಸಿ, ಅವರ ನಡುವೆ ಹಾಡು, ಹಾಸ್ಯ, ಕುಣಿತಗಳನ್ನು ನಡೆಯಿಸುವುದು ಇವುಗಳ ಕ್ರಮ. ಈ ಮಾರ್ಗದ ಗುಣದೋಷಗಳನ್ನು ವಿವೇಚಿಸಿ, ಅದರಿಂದ ದೊರೆಯುವ ಮಾನದಂಡವನ್ನು ಯಾದಗಿರಿ, ಶಹಾಪುರ, ಸುರಪುರಗಳ ಹಾಡುಗಾರಿಕೆಗೆ ಅನ್ವಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ದೂರದೇಶದ ಪಾನಗೃಹಕ್ಕೂ ಕೃಷ್ಣಾ ಭೀಮಾ ನದಿಗಳ ನಡುವಣ ಸೀಮೆಗೂ ಏನು ಸಂಬಂಧವೆಂಬ ಶಂಕೆಗೆ ಮುಂದಿನ ವಿಚಾರದಲ್ಲಿ ಸಮಾಧಾನ ದೊರೆಯುವುದು.

೨

ಇಂಗ್ಲೆಂಡಿನಲ್ಲಿ ಪಾನಗೃಹಕ್ಕೂ ಗಾಯನಕ್ಕೂ ಇರುವ ನಂಟು ದೂರದರ್ಶನದವರ ಕಲ್ಪನೆಯಲ್ಲ. ಪಾನಗೃಹಗಳಿಗೆ ಹೊಂದಿಕೊಂಡಿದ್ದ ಹಾಡಿನ ಕೋಣೆಗಳೇ ಬೆಳೆದು ಹತ್ತೊಂಬತ್ತನೆಯ ಶತಮಾನದಲ್ಲಿ 'ಮ್ಯೂಸಿಕ್ ಹಾಲ್' ಎಂಬ ರಂಗಶಾಲೆಗಳಾದುವು. ಚಾರ್ಲ್ಸ್ ಮಾರ್ಟನ್ ಎಂಬವನು ೧೮೫೨ರಲ್ಲಿ ಲಂಡನ್ನಿನ ಲ್ಯಾಂಬೆತ್ ಭಾಗದಲ್ಲಿ ತನ್ನ ಪಾನಗೃಹದ ಮಗ್ಗುಲಿಗೆ ಕಟ್ಟಿಸಿದ ಕ್ಯಾಂಟರ್‌ಬರಿ ಹಾಲ್ ಇವುಗಳಲ್ಲಿ ಪ್ರಸಿದ್ಧವಾದುದು. ಅಲ್ಲಿ ಗೋಷ್ಠಿಗೊಬ್ಬ ಅಧ್ಯಕ್ಷನು. ಅವನ ಕೈಯಲ್ಲೊಂದು ಮರದ ಸುತ್ತಿಗೆ. ಹಾಡುವವರನ್ನು ಕರೆಯುವವನೂ ಗದ್ದಲವನ್ನು ಅಡಗಿಸುವವನೂ ಅವನೇ. ಕೇಳುವವರು ಪಲ್ಲವಿಗೆ ದನಿಗೂಡಿಸುತ್ತಿದ್ದರು. ಮೆಚ್ಚದಿದ್ದರೆ ಬಾಯಿಬಿಟ್ಟು ಹೇಳುತ್ತಿದ್ದರು. ಇವೇ ಆ ಸ್ಥಳದ ಕಟ್ಟಳೆಗಳು.

ಬಿ.ಬಿ.ಸಿ.ಯವರು ೧೯೫೩ರಿಂದ ೧೯೮೩ರವರೆಗೆ ನಡೆಯಿಸಿದ 'ದಿ ಗುಡ್ ಓಲ್ಡ್ ಡೇಸ್' ಎಂಬ ಕಾರ್ಯಕ್ರಮವು ಈ ಪರಂಪರೆಯನ್ನು ಪುನರುಜ್ಜೀವಿಸುವ ಉದ್ದೇಶದ್ದು. ಇದಕ್ಕೆ ಸ್ಟುಡಿಯೊ ಇರಲಿಲ್ಲ. ಲೀಡ್ಸ್ ನಗರದಲ್ಲಿ ೧೮೬೫ರಿಂದಲೂ ಇರುವ ಸಿಟಿ ವೆರೈಟೀಸ್ ಎಂಬ ನಿಜವಾದ ರಂಗಶಾಲೆಯೇ ಇದರ ಸ್ಥಳ. ಆದರೆ ಪ್ರೇಕ್ಷಕರು ತಮ್ಮ ಅಜ್ಜ ಮುತ್ತಜ್ಜಂದಿರ ಕಾಲದ ಉಡುಪನ್ನು ತೊಟ್ಟು ಬಂದು ಕೂರುತ್ತಿದ್ದರು. ಸ್ಥಳವು ಸತ್ಯ, ಕಾಲವು ಮಿಥ್ಯ. ಇಲ್ಲಿಯ ಸಂತೋಷವು ನಾಟಕದ ಸಂತೋಷ, ಗೋಷ್ಠಿಯದಲ್ಲ.

ಇದಕ್ಕೆ ವಿರುದ್ಧವಾದುದು 'ಸ್ಟಾರ್ಸ್ ಅಂಡ್ ಗಾರ್ಟರ್ಸ್' (೧೯೬೩-೬೬). ಡೇನಿಯಲ್ ಫಾರ್ಸನ್ ಎಂಬವರು ೧೯೬೨ರಲ್ಲಿ ಪೂರ್ವಲಂಡನ್ನಿನ ಪಬ್ಬುಗಳ ವಿನೋದವನ್ನು ಅಲ್ಲಲ್ಲಿಗೇ ಹೋಗಿ ಚಿತ್ರಿಸಿ ಪ್ರಸಾರ ಮಾಡಿದ್ದರು. ಅದರಿಂದ ಪ್ರೇರಿತವಾದ ಈ ಕಾರ್ಯಕ್ರಮವಾದರೋ ಪಬ್ಬನ್ನೇ ಸ್ಟುಡಿಯೊದೊಳಗೆ ತಂದಿತು. ರೇ ಮಾರ್ಟೀನ್ ಎಂಬ ಹಾಸ್ಯಗಾರನು ಅದರ ನಿರ್ವಾಹಕ. ಕ್ಯಾಥಿ ಕರ್ಬಿ, ವಿನ್ಸ್ ಹಿಲ್ ಮೊದಲಾದ ವೃತ್ತಿಗಾಯಕರು ಅದರಲ್ಲಿ ಹಾಡಿ ಹೆಸರು ಪಡೆದರು. ಕಾಲವು ವರ್ತಮಾನವೇ, ಆದರೆ ಸ್ಥಳವು ಹಲಗೆ ಮತ್ತು ಬಣ್ಣಗಳದ್ದು. ನಿಜವಾದ ಪಬ್ಬಿನಲ್ಲಿ ಹಾಡುವವನು ನೆರೆಯವನು. ಅವನು ಕುಳಿತ ಕುರ್ಚಿಯಿಂದ ಎದ್ದು ಹಾಡಿ ಮತ್ತೆ ಅದೇ ಕುರ್ಚಿಗೆ ಮರಳುತ್ತಾನೆ. ಸ್ಟುಡಿಯೊದ ಪಬ್ಬಿನಲ್ಲಿ ಹಾಡುವವನು ಒಳಬಾಗಿಲಿನಿಂದ ಬರುತ್ತಾನೆ, ಒಳಬಾಗಿಲಿನಿಂದ ಹೋಗುತ್ತಾನೆ. ಭೇದವು ಸಣ್ಣದೆಂದು ತೋರಬಹುದು. ಆದರೆ ಗೋಷ್ಠಿಗೂ ಪ್ರದರ್ಶನಕ್ಕೂ ನಡುವಣ ಗೆರೆ ಇದೇ.

ಕೆನಡಾದಲ್ಲಿ ೧೯೬೭ರಿಂದ ೧೯೭೭ರವರೆಗೆ ಪ್ರಸಾರವಾದ 'ದಿ ಪಿಗ್ ಅಂಡ್ ವಿಸಲ್' ಎಂಬುದು ಇನ್ನೊಂದು ಹೆಜ್ಜೆ ದೂರ ಸರಿದದ್ದು. ಜಾನ್ ಹ್ಯೂವರ್ ಎಂಬ ಇಂಗ್ಲೆಂಡಿನ ನಟನು ಅದರ ಯಜಮಾನನಂತೆ ವರ್ತಿಸುತ್ತಿದ್ದನು. ಪಬ್ಬು ಇಂಗ್ಲೆಂಡಿನ ಮಾದರಿಯದು, ಸ್ಟುಡಿಯೊ ಕೆನಡಾದ್ದು. ಊರನ್ನು ಬಿಟ್ಟು ಬಂದವರ ಸ್ಮರಣೆಗೆ ಒಂದು ಚಿತ್ರವನ್ನು ಒದಗಿಸುವುದೇ ಇಂಥ ಕಾರ್ಯಕ್ರಮದ ಬಲವೆಂದು ತಿಳಿಯುವುದು ಯುಕ್ತವಾಗಿದೆ. ಸ್ಮರಣೆಗೆ ಮೇಜು, ಮದ್ಯದ ಹೂಜಿ, ಗೋಡೆಯ ದೀಪ ಇಷ್ಟಿದ್ದರೆ ಸಾಕು, ಕಟ್ಟಳೆಗಳು ಬೇಕಾಗುವುದಿಲ್ಲ.

ಇವೆಲ್ಲವುಗಳಲ್ಲಿ ವಿಮರ್ಶಕನ ಗಮನಕ್ಕೆ ಹೆಚ್ಚು ಯೋಗ್ಯವಾದುದು, ವಿಚಿತ್ರವೆಂದರೆ, ಪರಿಹಾಸ್ಯಕ್ಕಾಗಿ ಮಾಡಿದ ಒಂದು ಕಾರ್ಯಕ್ರಮ. ಗ್ರನಾಡಾ ಸಂಸ್ಥೆಯವರು ೧೯೭೪ರಿಂದ ೧೯೭೭ರವರೆಗೆ ಪ್ರಸಾರ ಮಾಡಿದ 'ದಿ ವೀಲ್‌ಟ್ಯಾಪರ್ಸ್ ಅಂಡ್ ಶಂಟರ್ಸ್ ಸೋಶಿಯಲ್ ಕ್ಲಬ್' ಎಂಬುದೇ ಅದು. ರೈಲಿನ ಗಾಲಿಗಳನ್ನು ಬಡಿದು ಪರೀಕ್ಷಿಸುವವರು ಮತ್ತು ಡಬ್ಬಿಗಳನ್ನು ಹಳಿಯಿಂದ ಹಳಿಗೆ ಸರಿಸಿ ಜೋಡಿಸುವವರು ಕೂಡುವ ಕೂಟವೆಂಬುದು ಆ ಹೆಸರಿನ ಅರ್ಥ. ಉತ್ತರ ಇಂಗ್ಲೆಂಡಿನ ಕಾರ್ಮಿಕರ ಪಾನಕೂಟವನ್ನು ಅದು ಅಣಕಿಸಿತು. ಬರ್ನಾರ್ಡ್ ಮ್ಯಾನಿಂಗ್ ನಿರ್ವಾಹಕ. ಕಾಲಿನ್ ಕ್ರಾಂಪ್ಟನ್ ಅಧ್ಯಕ್ಷ. ಈ ಅಧ್ಯಕ್ಷನು ನಡುನಡುವೆ ಗಂಟೆ ಬಾರಿಸಿ ಸಮಿತಿಯ ಪ್ರಕಟಣೆಗಳನ್ನು ಹೇಳುತ್ತಿದ್ದನು. ನೋಡುವವರು ನಕ್ಕರು, ಆದರೆ ಆ ಗಂಟೆಯಲ್ಲಿ ಒಂದು ಸತ್ಯವಿತ್ತು. ಗೋಷ್ಠಿಯು ಹಾಡುವವನಿಗೆ ಸೇರಿದ್ದಲ್ಲ, ಹಾಡುವವನು ಗೋಷ್ಠಿಗೆ ಸೇರಿದವನು ಎಂಬುದೇ ಆ ಸತ್ಯ. ಉಳಿದ ಕಾರ್ಯಕ್ರಮಗಳು ಸ್ಥಳದ ವೇಷವನ್ನು ತಂದುವು. ಇದು ಅಣಕಿಸುವ ಭರದಲ್ಲಿಯೇ ಸ್ಥಳದ ಧರ್ಮವನ್ನೂ ಒಂದಿಷ್ಟು ಹಿಡಿದುತಂದಿತು.

ಸ್ಥಳವೇಷ, ಸ್ಥಳಧರ್ಮ ಎಂಬ ಈ ಎರಡು ಮಾತುಗಳೇ ಮುಂದಿನ ವಿಚಾರಕ್ಕೆ ಆಧಾರ. ಕಣ್ಣಿಗೆ ಕಾಣುವ ಸಾಮಗ್ರಿ ಸ್ಥಳವೇಷ. ಕೂಡಿದವರನ್ನು ಕಟ್ಟಿಹಾಕುವ ಕಟ್ಟಳೆ ಸ್ಥಳಧರ್ಮ.

೩

ಇನ್ನು ಸುರಪುರ ಸೀಮೆಯ ವಿಚಾರ. ಬೇಡರ ನಾಯಕರ ಸಂಸ್ಥಾನವಾಗಿದ್ದು, ರಾಜಾ ವೆಂಕಟಪ್ಪನಾಯಕನ ೧೮೫೮ರ ಬಂಡಾಯದ ಬಳಿಕ ನಿಜಾಮರ ರಾಜ್ಯಕ್ಕೆ ಸೇರಿದ ಸುರಪುರ. ಆದಿಲಶಾಹಿ ಮನೆತನದ ಮೊದಲ ಸುಲ್ತಾನರ ಗೋರಿಗಳಿರುವ ಗೋಗಿಯನ್ನೊಳಗೊಂಡ ಶಹಾಪುರ. ಮೈಲಾಪುರದ ಮಲ್ಲಯ್ಯನ ಜಾತ್ರೆಯ ಯಾದಗಿರಿ: ಈ ಮೂರೂ ೧೯೫೬ರ ತನಕ ಹೈದರಾಬಾದಿನೊಡನೆ ಇದ್ದು, ಬಳಿಕ ಗುಲಬರ್ಗಾ ಜಿಲ್ಲೆಯೊಡನೆ ಕನ್ನಡ ರಾಜ್ಯವನ್ನು ಸೇರಿದುವು. ಇಂದು ಯಾದಗಿರಿ ಜಿಲ್ಲೆಯಲ್ಲಿರುವುವು.

ಈ ಸೀಮೆಯಲ್ಲಿ ಸಿಂದಿಯ ಅಂಗಡಿಗಳಿಗೆ ಕೊರತೆಯಿರಲಿಲ್ಲ. ಆದರೂ ಅಲ್ಲಿಯ ಹಾಡುಗಾರಿಕೆಯ ಮುಖ್ಯ ಪರಂಪರೆಯು ಬೆಳೆದುದು ಸಿಂದಿಯ ಅಂಗಡಿಯಲ್ಲಲ್ಲ; ಮಠದ ಪಡಸಾಲೆಯಲ್ಲಿ, ದರ್ಗೆಯ ಅಂಗಳದಲ್ಲಿ, ಊರ ಕಟ್ಟೆಯ ಮೇಲೆ. ಪಾನಗೃಹವು ಇಲ್ಲಿ ಬಂದುದು ಸ್ಥಳವಾಗಿ ಅಲ್ಲ, ರೂಪಕವಾಗಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನು ತನ್ನ ಕಾಯಕದ ಪರಿಭಾಷೆಯನ್ನೇ ಅನುಭಾವಕ್ಕೆ ತಿರುಗಿಸಿದನು. ಬಿಜಾಪುರ ಹೈದರಾಬಾದುಗಳ ಆಳಿಕೆಯಲ್ಲಿ ಈ ನೆಲಕ್ಕೆ ಬಂದ ಪಾರಸೀ ಕಾವ್ಯದಲ್ಲಿಯೂ ಮೈಖಾನೆಯೆಂದರೆ ಗುರುವಿನ ಸನ್ನಿಧಿ, ಸಾಕಿಯೆಂದರೆ ಅರಿವನ್ನು ಎರೆಯುವವನು ಎಂಬ ಸಂಕೇತವು ರೂಢವಾಗಿತ್ತು. ಎರಡು ಪರಂಪರೆಗಳು ಬೇರೆಬೇರೆ ದಾರಿಯಿಂದ ಬಂದು ಒಂದೇ ನೆಲದಲ್ಲಿ ಕೂಡಿದುವು. ಕನ್ನಡದಲ್ಲಿ ನಿಜವಾದ ಪಡಖಾನೆಯನ್ನೇ ಕಾವ್ಯದ ಸ್ಥಳವನ್ನಾಗಿ ಮಾಡಿದ ಕೀರ್ತಿ ಮುಂದೆ ೧೯೩೦ರ ದಶಕದಲ್ಲಿ 'ರತ್ನನ ಪದಗಳು' ಬರೆದ ಜಿ. ಪಿ. ರಾಜರತ್ನಂ ಅವರದು, ಅದೂ ಮೈಸೂರು ಸೀಮೆಯ ಮಾತಿನಲ್ಲಿ, ಒಬ್ಬನೇ ಕುಡುಕನ ದನಿಯಲ್ಲಿ.

ಹೀಗೆ ನೋಡಿದಲ್ಲಿ ಲಂಡನ್ನಿನ ಸ್ಟುಡಿಯೊಕ್ಕೂ ಸುರಪುರದ ಮಠಕ್ಕೂ ಒಂದು ಸ್ವಾರಸ್ಯವಾದ ವಿಪರ್ಯಾಸ ಕಾಣುವುದು. ಅಲ್ಲಿ ಪಾನಗೃಹವು ಕಣ್ಣಿಗೆ ಕಂಡಿತು, ಗೋಷ್ಠಿಯು ಕಲ್ಪಿತವಾಯಿತು. ಇಲ್ಲಿ ಪಾನಗೃಹವು ಕಲ್ಪಿತ, ಗೋಷ್ಠಿಯೇ ನಿಜ.

ಆ ಗೋಷ್ಠಿಯ ಧರ್ಮವು ಯಾವುದು? ಮೊದಲು ತತ್ತ್ವಪದದ ಭಜನೆಯನ್ನು ನೋಡಬಹುದು. ಸೀಮೆಯ ನೆರೆಯ ಕಡಕೋಳದ ಮಡಿವಾಳಪ್ಪನವರು, ಅವರ ಶಿಷ್ಯರಲ್ಲೊಬ್ಬರಾದ ಚೆನ್ನೂರ ಜಲಾಲಸಾಹೇಬರು ಮೊದಲಾದವರ ಪದಗಳು ಈ ಭಾಗದ ಭಜನಮೇಳಗಳ ಬಾಯಲ್ಲಿ ಉಳಿದಿರುವುವು. ಕೃಷ್ಣಾತೀರದ ತಿಂಥಣಿಯ ಮೌನೇಶ್ವರ, ಕೊಡೇಕಲ್ಲಿನ ಬಸವಣ್ಣ ಇವರ ಪರಂಪರೆಗಳೂ ಹಿಂದೂ ಮುಸಲ್ಮಾನರಿಬ್ಬರನ್ನೂ ಕೂಡಿಸಿದಂಥವು. ಏಕತಾರಿ, ದಮ್ಮಡಿ, ತಾಳ, ಬರಬರುತ್ತ ಹಾರ್ಮೋನಿಯಂ ಇಷ್ಟೇ ಮೇಳದ ಸಾಮಗ್ರಿ. ಅಮಾವಾಸ್ಯೆಯ ರಾತ್ರಿ, ಮಠದ ಆರಾಧನೆಯ ದಿನ, ಸತ್ತವರ ಮನೆಯ ಜಾಗರಣೆ ಇವು ಅದರ ಕಾಲ. ಜನರು ವೃತ್ತವಾಗಿ ಕೂರುತ್ತಾರೆ. ಒಬ್ಬನು ನುಡಿಯೆತ್ತಿದರೆ ಉಳಿದವರು ಅದನ್ನೇ ಮರಳಿ ಹಾಡುತ್ತಾರೆ. ಹಾಡುವವನಿಗೂ ಕೇಳುವವನಿಗೂ ನಡುವೆ ಬಾಗಿಲಿಲ್ಲ. ಒಂದು ಪದ ಮುಗಿದಮೇಲೆ ಕೇಳುತ್ತಿದ್ದವನೇ ಮುಂದಿನ ಪದವನ್ನು ಎತ್ತಬಹುದು. ಪದದ ಕೊನೆಯ ನುಡಿಯಲ್ಲಿ ಅಂಕಿತವು ಬರುವುದು. ಅಂಕಿತವು ಬಾರದೆ ಪದವು ಪೂರ್ಣವಾಗುವುದಿಲ್ಲ.

ಗೀಗೀ ಮೇಳದ ಧರ್ಮವು ಬೇರೆ. ದಪ್ಪು, ತುಂತುಣಿ, ತಾಳಗಳೊಡನೆ ಹರದೇಶಿ, ನಾಗೇಶಿ ಎಂಬ ಎರಡು ಪಕ್ಷಗಳವರು ಎದುರುಬದುರಾಗಿ ನಿಂತು, ಒಬ್ಬರು ಗಂಡಿನ ಹಿರಿಮೆಯನ್ನು, ಇನ್ನೊಬ್ಬರು ಹೆಣ್ಣಿನ ಹಿರಿಮೆಯನ್ನು ಎತ್ತಿಹಿಡಿದು ವಾದಿಸುತ್ತಾರೆ. ಇಲ್ಲಿ ಪ್ರತಿಯೊಂದು ಹಾಡೂ ಹಿಂದಿನದಕ್ಕೆ ಉತ್ತರ, ಮುಂದಿನದಕ್ಕೆ ಪ್ರಶ್ನೆ. ಮೊಹರಮ್ಮಿನ ರಿವಾಯತ ಪದಗಳ ಧರ್ಮವು ಮತ್ತೊಂದು. ಅಲಾಯಿ ಕುಣಿಯ ಸುತ್ತ ಹೆಜ್ಜೆಯಿಟ್ಟು ಕರ್ಬಲೆಯ ಕಥೆಯನ್ನು ಕನ್ನಡದಲ್ಲಿ ಹಾಡುವಾಗ ಕಾಲಿನ ಗತಿಯೇ ಹಾಡಿನ ಗತಿಯನ್ನು ನಿರ್ಣಯಿಸುವುದು. ಮೂರು ಹಾಡುಗಾರಿಕೆಗಳಿಗೆ ಮೂರು ಧರ್ಮಗಳು. ಆದರೆ ಮೂರರಲ್ಲಿಯೂ ಸ್ಥಳವನ್ನು ತೆಗೆದುಹಾಕಿದರೆ ಹಾಡಿನ ಅರ್ಥಕ್ಕೇ ಕುಂದು ತಟ್ಟುವುದು.

೪

ಈ ಸೀಮೆಗೂ ದೂರದರ್ಶನಕ್ಕೂ ಸಂಬಂಧವು ಬಂದ ಬಗೆಯು ಇತರ ಪ್ರಾಂತಗಳಿಗಿಂತ ಭಿನ್ನವಾದುದು. ಬೆಂಗಳೂರಿನಂಥ ನಗರಕ್ಕೆ ದೂರದರ್ಶನವು ತಲಪುವ ಮೊದಲೇ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಅದು ಬಂದಿತು. ೧೯೭೫ನೆಯ ಆಗಸ್ಟ್ ೧ರಿಂದ ೧೯೭೬ನೆಯ ಜುಲೈ ೩೧ರವರೆಗೆ, ಅಮೆರಿಕದ ಎ.ಟಿ.ಎಸ್.-೬ ಎಂಬ ಉಪಗ್ರಹದ ನೆರವಿನಿಂದ, ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಲ್ಲಿ ನಡೆದ 'ಸೈಟ್' ಎಂಬ ಶಿಕ್ಷಣಪ್ರಯೋಗವೇ ಇದಕ್ಕೆ ಕಾರಣ. ಕರ್ನಾಟಕದಿಂದ ಆರಿಸಿದ ಮೂರು ಜಿಲ್ಲೆಗಳು ಮೇಲೆ ಹೇಳಿದುವೇ. ಯಾದಗಿರಿ, ಶಹಾಪುರ, ಸುರಪುರಗಳು ಆಗ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದುವು. ವ್ಯವಸಾಯ, ಆರೋಗ್ಯ, ಮಕ್ಕಳ ಪಾಠಗಳೊಡನೆ ಹಾಡು, ಕುಣಿತ, ನಾಟಕಗಳೂ ಅವುಗಳಲ್ಲಿ ಸೇರಿದ್ದುವು. ಪ್ರಯೋಗವು ಮುಗಿದಮೇಲೆ ೧೯೭೭ರಲ್ಲಿ ಗುಲಬರ್ಗಾದಲ್ಲಿ ನೆಲದ ಪ್ರಸಾರಕೇಂದ್ರವು ಸ್ಥಾಪಿತವಾಯಿತು.

ಈ ಪ್ರಯೋಗದ ಎರಡು ಸಂಗತಿಗಳು ಪ್ರಕೃತ ವಿಚಾರಕ್ಕೆ ಮುಖ್ಯವಾದುವು. ಒಂದು, ಆ ಉಪಗ್ರಹದಲ್ಲಿ ಒಂದೇ ಚಿತ್ರಕ್ಕೆ ಎರಡು ಧ್ವನಿಮಾರ್ಗಗಳನ್ನು ಜೋಡಿಸುವ ಅನುಕೂಲವಿತ್ತು. ಒಂದು ಚಿತ್ರವು ಎರಡು ಭಾಷೆಗಳಿಗೆ ಸಲ್ಲಬಹುದೆಂಬ ಈ ಏರ್ಪಾಡಿನ ಹಿಂದೆ, ಚಿತ್ರದಲ್ಲಿ ಕಾಣುವ ಸ್ಥಳವು ಯಾವ ಊರಿನದಾದರೂ ಬಾಧಕವಿಲ್ಲವೆಂಬ ಊಹೆಯಿದೆ. ಸ್ಥಳವು ಗಾಯನದ ಅಂಗವೆಂದು ತಿಳಿಯುವವರಿಗೆ ಈ ಊಹೆಯು ಒಪ್ಪತಕ್ಕುದಲ್ಲ.

ಇನ್ನೊಂದು, ಯಂತ್ರವು ಮನೆಮನೆಗೆ ಇರಲಿಲ್ಲ, ಊರಿಗೊಂದು. ತಂತಿಬಲೆಯಿಂದ ಹೆಣೆದ, ಸುಮಾರು ೩ ಮೀಟರು ಅಗಲದ ಬೋಗುಣಿಯಂಥ ಗ್ರಾಹಕವನ್ನು ನಿಲ್ಲಿಸಿ, ಶಾಲೆಯಲ್ಲಿಯೋ ಪಂಚಾಯತಿಯ ಕಟ್ಟಡದಲ್ಲಿಯೋ ಯಂತ್ರವನ್ನು ಇರಿಸಿ, ಸಂಜೆಯಾದಮೇಲೆ ಊರವರೆಲ್ಲ ಅದರ ಮುಂದೆ ಕೂರುವ ಕ್ರಮ. ಲಂಡನ್ನಿನವನು ತನ್ನ ಮನೆಯಲ್ಲಿ ಒಂಟಿಯಾಗಿ ಕುಳಿತು, ಪೆಟ್ಟಿಗೆಯೊಳಗಿನ ಕಲ್ಪಿತ ಗೋಷ್ಠಿಯನ್ನು ನೋಡಿದನು. ಈ ಜಿಲ್ಲೆಗಳ ಹಳ್ಳಿಯವನಿಗೆ ಪೆಟ್ಟಿಗೆಯೊಳಗೆ ಗೋಷ್ಠಿಯಿರಬೇಕಾದ ಅಗತ್ಯವೇ ಇರಲಿಲ್ಲ. ಅವನೇ ಗೋಷ್ಠಿಯಲ್ಲಿ ಕುಳಿತಿದ್ದನು. ಪಬ್ಬಿನ ಸೆಟ್ಟನ್ನು ಕಟ್ಟಿ ಪಶ್ಚಿಮದವರು ಯಾವುದನ್ನು ತರಲು ಹೆಣಗಿದರೋ ಅದು ಇಲ್ಲಿ ಬಡತನದ ನಿಮಿತ್ತವಾಗಿ ತಾನಾಗಿಯೇ ಒದಗಿತ್ತು.

ಹಾಗೆಂದು ಇದನ್ನು ಸುವರ್ಣಕಾಲವೆಂದು ಹೊಗಳುವುದು ಸಲ್ಲದು. ಕೂಡಿ ನೋಡುವುದಕ್ಕೂ ಕೂಡಿ ಹಾಡುವುದಕ್ಕೂ ಅಂತರವಿದೆ. ಯಂತ್ರದ ಮುಂದೆ ಕೂತವರು ವೃತ್ತವಾಗಿ ಅಲ್ಲ, ಸಾಲಾಗಿ ಕೂತರು. ಅವರ ಮುಖಗಳು ಪರಸ್ಪರ ಕಾಣಲಿಲ್ಲ. ಪಲ್ಲವಿಗೆ ಅವರು ದನಿಗೂಡಿಸಿದರೂ ಹಾಡುವವನಿಗೆ ಅದು ಕೇಳಲಿಲ್ಲ. ಗೋಷ್ಠಿಯ ದೇಹವಿತ್ತು, ಅದರ ಅಧಿಕಾರವಿರಲಿಲ್ಲ. ಆದರೂ ಕೇಳುವವರ ಗುಂಪು ಎದುರಿಗೇ ಇದೆಯೆಂಬುದನ್ನು ನೆನೆದು ಕಾರ್ಯಕ್ರಮಗಳನ್ನು ಕಟ್ಟುವ ಒಂದು ಅವಕಾಶವು ಅಂದು ತೆರೆದಿತ್ತು. ಯಂತ್ರವು ಮನೆಮನೆಗೂ ಬಂದಮೇಲೆ ಅದು ಮುಚ್ಚಿಹೋಯಿತು.

೫

ಈಗ ಜಾನಪದ ಸಂಗೀತವೆಂಬ ಹೆಸರಿನಿಂದ ದೂರದರ್ಶನಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ರಮವನ್ನು ಮೇಲಣ ಮಾನದಂಡದಿಂದ ಅಳೆಯಬಹುದು. ಹಿಂದುಗಡೆ ಹುಲ್ಲಿನ ಗುಡಿಸಲು, ಒಂದು ಬಂಡಿಯ ಗಾಲಿ, ನಾಲ್ಕು ಮಡಕೆ. ಮುಂದೆ ಒಂದೇ ಬಣ್ಣದ ರುಮಾಲು ಸುತ್ತಿದ ಮೇಳ. ಎಲ್ಲರ ಮುಖವೂ ಕ್ಯಾಮೆರಾದ ಕಡೆಗೆ. ಇದು ಇಂಗ್ಲೆಂಡಿನ ಹಲಗೆಯ ಪಬ್ಬಿನ ತಮ್ಮನೇ ಸರಿ. ಸ್ಥಳವೇಷವು ತುಂಬಿದೆ, ಸ್ಥಳಧರ್ಮವು ಲೋಪವಾಗಿದೆ. ಭಜನಮೇಳದ ವೃತ್ತವನ್ನು ಬಿಡಿಸಿ ಸಾಲು ಮಾಡಿದ ಕೂಡಲೆ, ದನಿಗೂಡಿಸುವವರು ಹಿಮ್ಮೇಳವಾಗುತ್ತಾರೆ, ನುಡಿಯೆತ್ತುವವನು 'ಕಲಾವಿದ'ನಾಗುತ್ತಾನೆ. ಸರದಿಯ ಮೇಲೆ ನಡೆಯುತ್ತಿದ್ದ ಸಮಾನರ ಕೂಟವು ಒಬ್ಬನ ಪ್ರದರ್ಶನವಾಗಿ ಮಾರ್ಪಡುತ್ತದೆ.

ಇದಕ್ಕಿಂತ ದೊಡ್ಡ ಹಾನಿಯು ಕಾಲದ ಕತ್ತರಿಯಿಂದ ಆಗುವುದು. ನಾಲ್ಕಾರು ನಿಮಿಷಗಳಲ್ಲಿ ಪದವನ್ನು ಮುಗಿಸಬೇಕಾದಾಗ ಬಿಡುವುದು ಸಾಮಾನ್ಯವಾಗಿ ಕೊನೆಯ ನುಡಿಗಳನ್ನು. ಅಂಕಿತವು ಇರುವುದು ಅಲ್ಲಿಯೇ. ಅಂಕಿತವು ಹೋದರೆ ಪದಕಾರನ ಹೆಸರೂ ಹೋಯಿತು, ಗುರುಪರಂಪರೆಯ ಗುರುತೂ ಹೋಯಿತು. ಮಡಿವಾಳಪ್ಪನವರ ಪದವಾವುದು, ಜಲಾಲಸಾಹೇಬರ ಪದವಾವುದು ಎಂದು ನಿರ್ಣಯಿಸಲು ಬಾಯಿಪರಂಪರೆಯಲ್ಲಿ ಇರುವ ಮುಖ್ಯ ಸಾಧನವೇ ಅಂಕಿತ. ಅದನ್ನು ಕತ್ತರಿಸಿದ ಪದವು 'ಸಾಂಪ್ರದಾಯಿಕ' ಎಂಬ ಅನಾಮಧೇಯ ರಾಶಿಗೆ ಬೀಳುತ್ತದೆ. ಇದು ಕೇವಲ ರಸಹಾನಿಯಲ್ಲ. ಸಾಹಿತ್ಯಚರಿತ್ರೆಗೆ ಆಗುವ ಹಾನಿ. ಗೀಗೀ ಪದದಲ್ಲಿಯೂ ಹೀಗೆಯೇ. ಹರದೇಶಿಯ ಒಂದು ಹಾಡನ್ನು ಮಾತ್ರ ಕೇಳಿಸಿ ನಾಗೇಶಿಯ ಉತ್ತರವನ್ನು ಬಿಟ್ಟರೆ, ವಾದದ ಒಂದು ಪಕ್ಷವೇ ಊರಿನ ಅಭಿಪ್ರಾಯವೆಂಬ ಭ್ರಾಂತಿ ಹುಟ್ಟುವುದು. ಹೆಣ್ಣನ್ನು ಹಳಿಯುವ ಹಾಡು ಉತ್ತರವಿಲ್ಲದೆ ನಿಂತರೆ ಅದರ ಅರ್ಥವೇ ಬೇರೆ.

ಇದಕ್ಕೆ ಪ್ರಸಾರಕರ ಕಡೆಯಿಂದ ಬರಬಹುದಾದ ಆಕ್ಷೇಪಗಳು ನಿಸ್ಸಾರವಾದುವಲ್ಲ. ರಾತ್ರಿಯಿಡೀ ನಡೆಯುವ ಭಜನೆಯನ್ನು ಅರ್ಧಗಂಟೆಯ ಅವಧಿಯಲ್ಲಿ ಅಡಗಿಸುವುದು ಯಾರಿಂದಲೂ ಆಗದು. ಬಯಲಿನಲ್ಲಿ ಧ್ವನಿಯನ್ನು ಶುದ್ಧವಾಗಿ ಹಿಡಿಯುವುದು ಕಷ್ಟ. ಹಳ್ಳಿಯ ಹಾಡುಗಾರನಿಗೆ ಸ್ಟುಡಿಯೊದ ಆಹ್ವಾನವು ಒಂದು ಮರ್ಯಾದೆ. ಊರಾಚೆ ಯಾರೂ ಕೇಳದಿದ್ದ ಪದವು ಅದರಿಂದ ನಾಡಿಗೆಲ್ಲ ಕೇಳಿತು. ಈ ಮಾತುಗಳೆಲ್ಲವೂ ನಿಜ. ಆದರೆ ಅವಧಿಯು ಕಿರಿದಾದಾಗ ಹಾಡುಗಳ ಸಂಖ್ಯೆಯನ್ನು ಕಡಿಮೆ ಮಾಡಬಹುದು, ಹಾಡನ್ನೇ ಕಡಿಯಬೇಕಾಗಿಲ್ಲ. ನಾಲ್ಕು ಪದಗಳ ತಲೆಯನ್ನು ತೋರಿಸುವುದಕ್ಕಿಂತ ಒಂದು ಪದವನ್ನು ಅಂಕಿತದವರೆಗೆ ಕೇಳಿಸುವುದು ಮೇಲು. ಸ್ಟುಡಿಯೊದಲ್ಲಿಯೇ ಹಾಡಿಸಬೇಕಾದರೂ ವೃತ್ತವಾಗಿ ಕೂರಿಸಿ, ದನಿಗೂಡಿಸುವವರ ಮುಖಗಳನ್ನೂ ತೋರಿಸುವುದಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಾಗದು. ಗುಡಿಸಲಿನ ಸೆಟ್ಟಿಗಿಂತ ಅದು ಅಗ್ಗವೇ. 'ವೀಲ್‌ಟ್ಯಾಪರ್ಸ್' ಕಾರ್ಯಕ್ರಮದ ಅಧ್ಯಕ್ಷನ ಗಂಟೆಯು ಕಲಿಸುವುದೂ ಇದನ್ನೇ: ಗೋಡೆಯ ಬಣ್ಣಕ್ಕಿಂತ ಗೋಷ್ಠಿಯ ಒಂದು ಕಟ್ಟಳೆಯು ಹೆಚ್ಚು ನಂಬಿಸುವುದು.

ಈಚೆಗೆ ಹಳ್ಳಿಗಳ ಭಜನೆಗಳನ್ನು ಅಲ್ಲಿ ಕೂತವರೇ ತಮ್ಮ ಕೈಯ ಫೋನಿನಲ್ಲಿ ಹಿಡಿದು ಜಾಲದಲ್ಲಿ ಹಾಕುವ ರೂಢಿ ಬಂದಿದೆ. ಅಂಥ ಚಿತ್ರಗಳಲ್ಲಿ ಬೆಳಕು ಮಂದ, ಕೈ ಅಲುಗುತ್ತದೆ, ನಡುವೆ ಯಾರೋ ಚಹಾ ತಂದು ಕೊಡುತ್ತಾರೆ, ಒಂದು ಮಗು ಅಡ್ಡ ಹಾಯುತ್ತದೆ. ಕಲೆಗಾರಿಕೆಯಿಂದ ನೋಡಿದರೆ ಇವು ದೋಷಗಳೇ. ಆದರೆ ಹಿಡಿಯುವವನು ವೃತ್ತದೊಳಗಿನವನಾದ್ದರಿಂದ ಕ್ಯಾಮೆರಾದ ಕಣ್ಣು ಗೋಷ್ಠಿಯ ಕಣ್ಣಾಗಿರುತ್ತದೆ. ಅವನಿಗೆ ಅವಧಿಯ ಕಟ್ಟಿಲ್ಲವಾದ್ದರಿಂದ ಪದವು ತನ್ನ ಕೊನೆಯನ್ನು ಮುಟ್ಟುತ್ತದೆ. ಸ್ಥಳವೇಷದ ಅರಿವಿಲ್ಲದವನ ಕೈಯಲ್ಲಿ ಸ್ಥಳಧರ್ಮವು ಉಳಿದಿರುವುದನ್ನು ದೂರದರ್ಶನದ ನಿಪುಣರು ಗಮನಿಸತಕ್ಕುದು.

ಪಾನಗೃಹಗೋಷ್ಠಿಗಳ ಕಾಲವು ಮುಗಿದುಹೋಯಿತು. ಅವುಗಳ ತಪ್ಪು ಸ್ಥಳವನ್ನು ಬಯಸಿದುದರಲ್ಲಿರಲಿಲ್ಲ. ಸ್ಥಳವೆಂದರೆ ಗೋಡೆ, ಮೇಜು, ದೀಪಗಳೆಂದು ತಿಳಿದುದರಲ್ಲಿತ್ತು. ಸುರಪುರ ಸೀಮೆಯ ಹಾಡುಗಾರಿಕೆಯನ್ನು ಮುಂದಿನವರಿಗಾಗಿ ಚಿತ್ರಿಸಿ ಇಡುವವರು ಆ ತಪ್ಪನ್ನು ಪುನಃ ಮಾಡಬೇಕಾದ ಕಾರಣವಿಲ್ಲ. ಅಮಾವಾಸ್ಯೆಯ ರಾತ್ರಿ ಮಠಕ್ಕೆ ಹೋಗಿ, ವೃತ್ತದಲ್ಲಿ ಒಂದು ಮೂಲೆಯನ್ನು ಕೇಳಿ ಪಡೆದು, ಅಂಕಿತವು ಬರುವವರೆಗೆ ಕಾದು ಕುಳಿತರೆ ಸಾಕು.